ಕೊಂಡಿ ಚಿಕ್ಕದು, ಹೊಣೆ ದೊಡ್ಡದು

ಹಾಸಿಗೆ, ಅಡಿಗೆಮನೆಗಳುಳ್ಳ ಗಾಲಿಯ ಮನೆಯನ್ನು ಪಿಕಪ್ ಟ್ರಕ್ಕಿಗೆ ತಗುಲಿಸಿ ಪ್ರವಾಸ ಹೊರಡುವ ರೂಢಿ ಅಮೆರಿಕದಲ್ಲುಂಟು. ಭಾರವಾದ ಬಂಡಿಗಳನ್ನೆಳೆಯಲು ಅಲ್ಲಿ ಎರಡು ಬಗೆಯ ಕೊಂಡಿಗಳಿವೆ. ‘ಗೂಸ್‌ನೆಕ್’ ಕೊಂಡಿಯಲ್ಲಿ ಬಂಡಿಯ ಬಾಗಿದ ಕತ್ತು ಟ್ರಕ್ಕಿನ ತಳದಲ್ಲಿ ನೆಟ್ಟ ಉಕ್ಕಿನ ಗುಂಡಿನ ಮೇಲೆ ಕೂರುತ್ತದೆ. ‘ಫಿಫ್ತ್ ವೀಲ್’ ಕೊಂಡಿಯಲ್ಲಾದರೋ, ಬಂಡಿಯ ಸುಮಾರು 51 ಮಿ.ಮೀ. ವ್ಯಾಸದ ಗೂಟವನ್ನು ಎತ್ತರದ ತಟ್ಟೆಯ ದವಡೆಗಳು ಕಚ್ಚಿ ಹಿಡಿಯುತ್ತವೆ. ನಮ್ಮ ಹೆದ್ದಾರಿಯ ಕಂಟೈನರ್ ಲಾರಿಗಳಲ್ಲಿರುವುದೂ ಇದೇ ಏರ್ಪಾಡು. ಎರಡರಲ್ಲಿಯೂ ಭಾರವು ಟ್ರಕ್ಕಿನ ಹಿಂದಿನ ಅಚ್ಚಿನ ಸಮೀಪದಲ್ಲಿಯೇ ಬೀಳುವುದರಿಂದ ಓಲಾಟ ಕಡಮೆ.

ಗೂಸ್‌ನೆಕ್ ಹಗುರ, ಗುಂಡನ್ನು ತೆಗೆದರೆ ಟ್ರಕ್ಕಿನ ತಳವೆಲ್ಲ ಬರಿದಾಗುತ್ತದೆ. ಆದುದರಿಂದ ಫಿಫ್ತ್ ವೀಲಿಗೆಂದು ಕಟ್ಟಿದ ಮನೆಬಂಡಿಗೂ ಉದ್ದನೆಯ ಕತ್ತನ್ನು ಜೋಡಿಸಿ ಗುಂಡಿನ ಮೇಲೆ ಕೂರಿಸುವವರುಂಟು. ಇದನ್ನು ನಾವು ಒಪ್ಪಲಾರೆವು.

ಕಾರಣವು ವಾಚಕರು ತರಗತಿಯಲ್ಲಿ ಕಲಿತ ಸನ್ನೆಯ ನಿಯಮವೇ. ಬ್ರೇಕು ಹಾಕಿದಾಗ ಕೊಂಡಿಯಲ್ಲಿ 5,000 ನ್ಯೂಟನ್ ಬಲವುಂಟಾಯಿತೆನ್ನೋಣ. ಅದು ಚೌಕಟ್ಟಿನಿಂದ ಅರ್ಧ ಮೀಟರ್ ಕೆಳಗೆ ವರ್ತಿಸಿದರೆ ಬಾಗಿಸುವ ಪರಿಣಾಮ 2,500 ನ್ಯೂಟನ್-ಮೀಟರ್. ಒಂದು ಮೀಟರ್ ಕೆಳಗಾದರೆ 5,000. ಬಲ ಅಷ್ಟೇ, ಪೆಟ್ಟು ಇಮ್ಮಡಿ! ದನಗಳನ್ನು ಸಾಗಿಸುವ ಗೂಸ್‌ನೆಕ್ ಬಂಡಿಗಳ ಚೌಕಟ್ಟನ್ನು ಈ ಪೆಟ್ಟು ತಾಳುವಂತೆಯೇ ಕಟ್ಟಿರುತ್ತಾರೆ. ಫಿಫ್ತ್ ವೀಲ್ ಮನೆಬಂಡಿಯ ವಿಷಯ ಹಾಗಲ್ಲ. ಅದರ ಬೆಸುಗೆ ಒಂದೇ ದಿನದಲ್ಲಿ ಬಿಡದು. ಸಾವಿರಾರು ಕುಲುಕುಗಳ ತರುವಾಯ, ಕಣ್ಣಿಗೆ ಕಾಣದಂತೆ ಬಿರುಕು ಬೆಳೆಯುತ್ತದೆ.

ಆದಕಾರಣ ಬಂಡಿಯನ್ನು ಯಾವ ಕೊಂಡಿಗೆಂದು ಕಟ್ಟಿದೆಯೋ ಅದನ್ನೇ ಬಳಸತಕ್ಕದ್ದು. ತಯಾರಕರು ಒಪ್ಪಿದ ಹೊರತು ಬದಲಾವಣೆ ಸಲ್ಲದು. ತಳದ ಜಾಗವನ್ನು ಉಳಿಸುವವನು ಟ್ರಕ್ಕಿನ ಒಡೆಯ. ಚೌಕಟ್ಟು ಮುರಿದರೆ ಪ್ರಾಣಕ್ಕೆ ಸಂಚಕಾರ ಬರುವುದು ಹಿಂದೆ ಬರುತ್ತಿರುವ ಅಪರಿಚಿತರಿಗೆ.