ಸನ್ನದು ಯಾರದು, ಕೇಸು ಯಾರ ಮೇಲೆ?

ಹೇಮಾವತಿ ಹುಟ್ಟುವ ಜಾವಳಿಯ ಸುತ್ತಿನ ಕಾಫಿ ತೋಟಗಳಲ್ಲಿ ಬಟವಾಡೆಯ ಹಣ ಎತ್ತ ಹರಿಯುತ್ತದೆಂಬುದು ಕೂಲಿಕಾರರ ಮನೆಯ ಹೆಂಗಸರಿಗೆ ಚೆನ್ನಾಗಿ ಗೊತ್ತು. 2007ರ ಜುಲೈ 1ರಿಂದ ಸಾರಾಯಿ ನಿಂತಿತು. ಕುಡಿತ ನಿಲ್ಲಲಿಲ್ಲ; ಸಾರಾಯಿಯ ಜಾಗಕ್ಕೆ ಅಗ್ಗದ ವಿಸ್ಕಿ ಬಂತು, ಅಷ್ಟೆ.

ಮದ್ಯ ಮಾರಲು ಅಬಕಾರಿ ಸನ್ನದು ಬೇಕು: ಚಿಲ್ಲರೆ ಅಂಗಡಿಗೆ ಸಿಎಲ್-2, ಬಾರಿಗೆ ಸಿಎಲ್-9. 1992ರ ನಂತರ ದಶಕಗಳ ಕಾಲ ಇವನ್ನು ಹೊಸದಾಗಿ ಕೊಡದ್ದರಿಂದ ಹಳೆಯ ಸನ್ನದೇ ಒಂದು ಆಸ್ತಿಯಾಗಿ ಕುಳಿತಿತು. ಆಸ್ತಿ ಧಣಿಯದು, ಗಲ್ಲೆಯಲ್ಲಿ ನಿಂತು ಬಾಟಲಿ ಕೊಡುವವನು ಸಂಬಳದ ಆಳು. 21 ತುಂಬದವರಿಗೆ ಕೊಡಬಾರದೆಂಬ ನಿಯಮವನ್ನು ಅವನಿಗೆ ಹೇಳಿಕೊಟ್ಟವರು ಯಾರು? (ಆ ವಯಸ್ಸನ್ನು 18ಕ್ಕಿಳಿಸುವ ಕರಡನ್ನು ಸರ್ಕಾರ 2023ರಲ್ಲಿ ಹೊರಡಿಸಿ, ಜನ ಕೂಗೆಬ್ಬಿಸಿದ ಮೇಲೆ ಹಿಂತೆಗೆದುಕೊಂಡಿತು.)

ಇಂಗ್ಲೆಂಡಿನ 2003ರ ಕಾಯಿದೆಯಲ್ಲಿ ಅಂಗಡಿಯ ಲೈಸೆನ್ಸು ಬೇರೆ, ಮಾರಾಟದ ಹೊಣೆ ಹೊತ್ತವನ ಲೈಸೆನ್ಸು ಬೇರೆ. ಎರಡನೆಯದಕ್ಕೆ ಪರೀಕ್ಷೆ ಪಾಸಾಗಬೇಕು. ನಮ್ಮಲ್ಲಿ ಲಾರಿ ಡ್ರೈವರನಿಗೆ ಪರೀಕ್ಷೆಯುಂಟು, ಬಾರ್ ಮ್ಯಾನೇಜರನಿಗಿಲ್ಲ.

ಇತ್ತ ಗೂಡಂಗಡಿಯ ಜಗಲಿಯಲ್ಲಿ ಯಾರೋ ಕುಡಿದರೆ ಅಂಗಡಿಯವನ ಮೇಲೆ 15(ಎ) ಕಲಮು ಬೀಳುತ್ತದೆ. ಕದ್ದು ಮಾರುವವನನ್ನು ನಾವು ಸಮರ್ಥಿಸುವುದಿಲ್ಲ. ಆದರೆ ಅವನಿಗೆ ಪೆಟ್ಟಿಗೆಗಟ್ಟಲೆ ಸರಕು ಬಂದದ್ದು ಯಾವ ಸನ್ನದಿನ ಅಂಗಡಿಯಿಂದ?

ನಾವು ಕೇಳುವುದಿಷ್ಟು: ಮಾರಾಟ ನಡೆಸುವವನ ಹೆಸರು ಸನ್ನದಿನಲ್ಲಿ ಬರಲಿ. ಅವನಿಗೆ ಧಣಿಯ ಖರ್ಚಿನಲ್ಲಿ ತರಬೇತಿಯಾಗಲಿ. ಅಂಗಡಿಗೆ ಬಿದ್ದ ದಂಡವನ್ನು ಆಳಿನ ಸಂಬಳದಲ್ಲಿ ಮುರಿಯುವಂತಿಲ್ಲ. ಸನ್ನದಿನ ವರ್ಷ ಜುಲೈ 1ಕ್ಕೆ ಆರಂಭ. ನವೀಕರಣದ ಅರ್ಜಿಯಲ್ಲೇ ಈ ಷರತ್ತುಗಳು ಸೇರಲಿ.