ಹೆರಿಗೆಯ ಕೋಣೆಗೆ ಸೂರ್ಯನ ಬೆಳಕು

ಶಿವನಸಮುದ್ರದಲ್ಲಿ 1902ರಲ್ಲಿ ಉತ್ಪನ್ನವಾದ ವಿದ್ಯುತ್ತು ಮೊದಲು ಹರಿದದ್ದು ಕೋಲಾರದ ಚಿನ್ನದ ಗಣಿಗಳಿಗೆ. ಬೆಂಗಳೂರಿನ ಬೀದಿಗಳು ಆ ಬೆಳಕನ್ನು ಕಂಡದ್ದು 1905ರಲ್ಲಿ. ಹಳ್ಳಿಗಳ ಸರದಿ ಬಂದದ್ದು ಬಹುಕಾಲದ ತರುವಾಯ. ಯಂತ್ರಕ್ಕೆ ಮೊದಲು, ಮನುಷ್ಯನಿಗೆ ಆಮೇಲೆ ಎಂಬ ಈ ಕ್ರಮ ಇಂದಿಗೂ ಪೂರ್ತಿಯಾಗಿ ಬದಲಾಗಿಲ್ಲವೆಂದು ನಾವು ಭಾವಿಸುತ್ತೇವೆ.

ಪೀಣ್ಯದ ಕಾರ್ಖಾನೆಗಳನ್ನೂ ವೈಟ್‌ಫೀಲ್ಡಿನ ಗಾಜಿನ ಸೌಧಗಳನ್ನೂ ನೋಡಿರಿ. ತಂತಿಯ ವಿದ್ಯುತ್ತು ನಿಂತೊಡನೆ ಅಲ್ಲಿ ಜನರೇಟರುಗಳು ಗುಡುಗುತ್ತವೆ. ಗಣಕಯಂತ್ರದ ಒಂದು ಅಕ್ಷರವೂ ಅಳಿಯುವುದಿಲ್ಲ. ಆದರೆ ದೂರದ ತಾಲ್ಲೂಕಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ, ಮಳೆಗಾಲದ ನಡುರಾತ್ರಿ, ಹೆರಿಗೆಯ ಹೊತ್ತಿನಲ್ಲಿಯೇ ದೀಪ ಆರಿದರೆ ಏನು ಗತಿ? ಹಳ್ಳಿಹಳ್ಳಿಗೂ ತಂತಿ ಹೋಗಿದೆಯಲ್ಲ ಎಂದು ಕೆಲವರು ಕೇಳಬಹುದು. ತಂತಿ ಹೋಗುವುದು ಬೇರೆ. ಬೇಕಾದ ಗಳಿಗೆಯಲ್ಲಿ ಅದರಲ್ಲಿ ವಿದ್ಯುತ್ತು ಇರುವುದು ಬೇರೆ.

ಹೆರಿಗೆಯ ಕೋಣೆಗೆ ಮುಖ್ಯವಾಗಿ ಬೇಕಾದುವು ಮೂರು: ಬೆಳಕು, ಕಾವು, ತಂಪು. ರಕ್ತಸ್ರಾವವನ್ನು ಗುರುತಿಸಲು, ಹೊಲಿಗೆ ಹಾಕಲು ಬೆಳಕು ಬೇಕು. ಆಗತಾನೆ ಹುಟ್ಟಿದ ಶಿಶುವಿನ ಮೈ ಬಹು ಬೇಗ ಆರುವುದರಿಂದ ಕಾವು ಬೇಕು. ಹೆರಿಗೆಯ ಅನಂತರದ ಅತಿರಕ್ತಸ್ರಾವವನ್ನು ತಡೆಯುವ ಆಕ್ಸಿಟೋಸಿನ್ ಔಷಧವನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡಬೇಕಾದುದರಿಂದ ತಂಪು ಬೇಕು. ಈ ರಕ್ತಸ್ರಾವಕ್ಕೆ ಚಿಕಿತ್ಸೆ ತಡವಾದರೆ ತಾಯಿ ಕೆಲವೇ ಗಂಟೆಗಳಲ್ಲಿ ಪ್ರಾಣ ಬಿಡಬಹುದು.

ಇದಕ್ಕೆ ಎಷ್ಟು ಶಕ್ತಿ ಬೇಕು? ವಿದ್ಯಾರ್ಥಿಗಳು ಲೆಕ್ಕ ಹಾಕಿ ನೋಡಲಿ. 10 ವ್ಯಾಟಿನ ಐದು ದೀಪಗಳು 12 ಗಂಟೆ ಉರಿದರೆ 0.6 ಯೂನಿಟ್. ಶಿಶುವಿಗೆ ಕಾವು ಕೊಡುವ 600 ವ್ಯಾಟಿನ ಉಪಕರಣ ಎರಡು ಗಂಟೆ ನಡೆದರೆ 1.2 ಯೂನಿಟ್. ಸಣ್ಣ ಶೀತಕಪೆಟ್ಟಿಗೆಗೆ ದಿನಕ್ಕೆ ಒಂದು ಯೂನಿಟ್ ಎಂದಿಟ್ಟುಕೊಳ್ಳೋಣ. ಒಟ್ಟು 2.8. ನಮ್ಮ ನಾಡಿನ ಬಿಸಿಲಿನಲ್ಲಿ ಒಂದು ಕಿಲೋವ್ಯಾಟಿನ ಸೌರಫಲಕ ದಿನಕ್ಕೆ ಸರಾಸರಿ ನಾಲ್ಕು ಯೂನಿಟ್ ಕೊಡಬಲ್ಲುದು. ನಷ್ಟವನ್ನು ಕಳೆದರೂ ಲೆಕ್ಕ ಸರಿಹೋಗುತ್ತದೆ. 1954ರಲ್ಲಿ ಬೆಲ್ ಪ್ರಯೋಗಶಾಲೆಯ ಸಿಲಿಕಾನ್ ಕೋಶ ಬಿಸಿಲಿನ ಶೇಕಡ 6ರಷ್ಟನ್ನು ಮಾತ್ರ ವಿದ್ಯುತ್ತಾಗಿ ಮಾರ್ಪಡಿಸುತ್ತಿತ್ತು. ಇಂದಿನ ಫಲಕಗಳಲ್ಲಿ ಆ ಪ್ರಮಾಣ ಶೇಕಡ 20ನ್ನು ದಾಟಿದೆ.

ಇದು ಬರಿಯ ಕಾಗದದ ಲೆಕ್ಕವಲ್ಲ. 2008ರಲ್ಲಿ ಉತ್ತರ ನೈಜೀರಿಯಕ್ಕೆ ಹೋದ ಅಮೆರಿಕದ ಪ್ರಸೂತಿತಜ್ಞೆ ಲಾರಾ ಸ್ಟ್ಯಾಚೆಲ್ ಕತ್ತಲೆಯಲ್ಲಿ ನಡೆಯುವ ಹೆರಿಗೆಗಳನ್ನು ಕಂಡು, ಪೆಟ್ಟಿಗೆಯೊಳಗೆ ಅಡಗುವ ಸೌರವಿದ್ಯುತ್ ಸಾಧನವನ್ನು ಬಳಕೆಗೆ ತಂದರು. ಯುದ್ಧದಲ್ಲಿ ತಂತಿ ಕಡಿದು, ಡೀಸೆಲ್ ಬಾರದೆ ಹೋದರೂ ಮಾಳಿಗೆಯ ಮೇಲಿನ ಫಲಕ ದುಡಿಯುತ್ತಿರುತ್ತದೆ. ನಮ್ಮಲ್ಲಿಯೂ ಹರೀಶ್ ಹಂದೆಯವರು 1995ರಲ್ಲಿ ಬೆಂಗಳೂರಿನಲ್ಲಿ ಸಹಸ್ಥಾಪಕರಾಗಿ ಕಟ್ಟಿದ ಸೆಲ್ಕೋ ಸಂಸ್ಥೆ ಬಡವರ ಮನೆಗಳಿಗೆ ಸೌರದೀಪ ಒಯ್ದಿತು. ಈ ಸೇವೆಗಾಗಿ 2011ರಲ್ಲಿ ಅವರಿಗೆ ಮ್ಯಾಗ್ಸೇಸೆ ಪ್ರಶಸ್ತಿ ಬಂದಿತು. ಸೆಲ್ಕೋ ಪ್ರತಿಷ್ಠಾನ ಈಗ ಸರ್ಕಾರದೊಡನೆ ಕೂಡಿ ಆರೋಗ್ಯ ಕೇಂದ್ರಗಳ ಮಾಳಿಗೆಗಳಿಗೂ ಫಲಕಗಳನ್ನು ಏರಿಸುತ್ತಿದೆ.

ಆದರೆ ಫಲಕವನ್ನು ಕೂರಿಸಿದ ಮಾತ್ರಕ್ಕೆ ಕೆಲಸ ಮುಗಿಯಿತೆಂದು ಬಗೆಯುವುದು ಅಪಾಯಕರ. ಕಾಲೇಜೊಂದರ ಮಾಳಿಗೆಯ ಮೇಲೆ ಧೂಳು ಮುಸುಕಿದ ಫಲಕಗಳನ್ನೂ ಕೆಳಗೆ ನೀರು ಬತ್ತಿದ ಬ್ಯಾಟರಿಗಳನ್ನೂ ನಾವೇ ಕಂಡಿದ್ದೇವೆ. ಉದ್ಘಾಟನೆಯ ಕಲ್ಲು ಮಾತ್ರ ಹೊಳೆಯುತ್ತಿತ್ತು! ಫಲಕ ಇಪ್ಪತ್ತೈದು ವರ್ಷ ಬಾಳಬಹುದು. ಸೀಸದ ಬ್ಯಾಟರಿ ಸಾಮಾನ್ಯವಾಗಿ ಐದಾರು ವರ್ಷಗಳಲ್ಲಿ ಮುದಿಯಾಗುತ್ತದೆ. ಕಾಲೇಜಿನಲ್ಲಿ ಅದು ಸತ್ತರೆ ಒಂದು ಪಾಠ ನಿಲ್ಲುತ್ತದೆ; ಹೆರಿಗೆಯ ಕೋಣೆಯಲ್ಲಿ ಸತ್ತರೆ ಎರಡು ಜೀವಗಳಿಗೆ ಸಂಚಕಾರ. ಆದುದರಿಂದ ಫಲಕ ಕೊಳ್ಳುವ ದಿನವೇ ಮುಂದಿನ ಬ್ಯಾಟರಿಗೆ ಹಣವನ್ನು ತೆಗೆದಿಡಬೇಕು. ಫಲಕ ಒರೆಸುವವರು, ಬ್ಯಾಟರಿಗೆ ಭಟ್ಟಿಯಿಳಿಸಿದ ನೀರೆರೆಯುವವರು ಯಾರೆಂಬುದನ್ನು ಹೆಸರು ಹಿಡಿದು ಗೊತ್ತುಮಾಡಬೇಕು. ದಾದಿಯ ತಲೆಯ ಮೇಲೆಯೇ ಈ ಹೊರೆಯನ್ನೂ ಹೇರುವುದು ನ್ಯಾಯವಲ್ಲ.

ಇಲ್ಲಿ ಪೀಣ್ಯ, ಎಲೆಕ್ಟ್ರಾನಿಕ್ ಸಿಟಿಗಳ ಕುಶಲಕರ್ಮಿಗಳಿಗೂ ನಮ್ಮ ವಿದ್ಯಾರ್ಥಿಗಳಿಗೂ ಕೆಲಸವಿದೆ. ವೋಲ್ಟ್‌ಮಾಪಕವನ್ನು ಪರೀಕ್ಷೆಯ ಅಂಕಗಳಿಗಾಗಿ ಮಾತ್ರ ಏಕೆ ಹಿಡಿಯಬೇಕು? ವೈದ್ಯಾಧಿಕಾರಿಗಳ ಅನುಮತಿ ಪಡೆದು, ಅಧ್ಯಾಪಕರೊಡನೆ ತಿಂಗಳಿಗೊಮ್ಮೆ ಸಮೀಪದ ಆರೋಗ್ಯ ಕೇಂದ್ರದ ಬ್ಯಾಟರಿಯನ್ನು ಪರೀಕ್ಷಿಸಿ ಬರೆದಿಡಲಿ. ಯಂತ್ರಗಳಿಗೆ ನಾವು ಕೊಟ್ಟಿರುವ ಭದ್ರತೆ ಹೆರುವ ತಾಯಿಗೂ ದೊರೆಯಬೇಕು.