ಹಬ್ಬದೂಟದ ಲೆಕ್ಕ

ಬಂಟ್ವಾಳದ ಒಂದು ಮದುವೆಯೂಟದಲ್ಲಿ ನಮ್ಮ ಪಕ್ಕದ ಎಲೆಗೆ ಕುಳಿತಿದ್ದ ಕಾಲೇಜು ವಿದ್ಯಾರ್ಥಿಯೊಬ್ಬನು ಹೋಳಿಗೆ ಬಡಿಸಲು ಬಂದಾಗ ಎಲೆಗೆ ಕೈ ಅಡ್ಡ ಹಿಡಿದನು. ಕಾರಣ ಕೇಳಿದೆವು. "ಮೂರು ತಿಂಗಳಿಂದ ಪಥ್ಯದಲ್ಲಿದ್ದೇನೆ ಸಾರ್, ಒಂದೇ ಹೊತ್ತಿನಲ್ಲಿ ಎಲ್ಲವೂ ಕೆಟ್ಟುಹೋಗುತ್ತದೆ" ಎಂದನು. ಅವನ ಸಂಯಮ ಮೆಚ್ಚತಕ್ಕದ್ದೇ. ಆದರೆ ಅವನ ಲೆಕ್ಕ ತಪ್ಪು.

ಈ ಲೆಕ್ಕ ಭೌತಶಾಸ್ತ್ರಕ್ಕೆ ಹೊರತಾದುದಲ್ಲ. ಶಕ್ತಿಯು ನಾಶವಾಗದೆ ರೂಪಾಂತರ ಮಾತ್ರ ಹೊಂದುತ್ತದೆಂಬ ನಿಯಮವನ್ನು 1842ರಲ್ಲೇ ಮುಂದಿಟ್ಟ ಜರ್ಮನಿಯ ರಾಬರ್ಟ್ ಮೇಯರ್ ವೃತ್ತಿಯಿಂದ ವೈದ್ಯನು. ಜಾವಾ ದ್ವೀಪದಲ್ಲಿ ನಾವಿಕರ ರಕ್ತದ ಬಣ್ಣವನ್ನು ಕಂಡು ಅವನು ಆ ವಿಚಾರಕ್ಕೆ ತೊಡಗಿದನು. ಒಂದು ಕಿಲೋಗ್ರಾಂ ನೀರನ್ನು ಒಂದು ಡಿಗ್ರಿ ಸೆಲ್ಸಿಯಸ್ ಬಿಸಿಮಾಡುವ ಶಾಖವೇ ಒಂದು ಕಿಲೋಕ್ಯಾಲೊರಿ. ಒಂದು ಗ್ರಾಂ ಸಕ್ಕರೆಯಿಂದ ದೇಹಕ್ಕೆ ಸುಮಾರು 4 ಕಿಲೋಕ್ಯಾಲೊರಿ, ಒಂದು ಗ್ರಾಂ ತುಪ್ಪದಿಂದ ಸುಮಾರು 9 ಕಿಲೋಕ್ಯಾಲೊರಿ ದೊರೆಯುತ್ತದೆ. ಹಬ್ಬದ ದಿನ ನಿತ್ಯದ ಅಗತ್ಯಕ್ಕಿಂತ 1000 ಕಿಲೋಕ್ಯಾಲೊರಿ ಹೆಚ್ಚಾಯಿತೆನ್ನೋಣ. ದೇಹದಲ್ಲಿ ಒಂದು ಕಿಲೋಗ್ರಾಂ ಕೊಬ್ಬು ಶೇಖರವಾಗಲು ಸುಮಾರು 7700 ಕಿಲೋಕ್ಯಾಲೊರಿ ಬೇಕು. ಹೆಚ್ಚಿನದೆಲ್ಲವೂ ಕೊಬ್ಬಾದರೂ ಏರುವುದು ಸುಮಾರು 130 ಗ್ರಾಂ ಮಾತ್ರ!

ಆದರೆ ಮರುದಿನ ತಕ್ಕಡಿಯ ಮುಳ್ಳು ಒಂದು ಕಿಲೋಗ್ರಾಂ ಹೆಚ್ಚು ತೋರಿಸಬಹುದಲ್ಲವೆ? ಅದರಲ್ಲಿ ಬಹುಪಾಲು ನೀರು. ಉಪ್ಪು ನೀರನ್ನು ಹಿಡಿದಿಡುತ್ತದೆ. ಯಕೃತ್ತಿನಲ್ಲಿಯೂ ಸ್ನಾಯುಗಳಲ್ಲಿಯೂ ಕೂಡಿಡಲ್ಪಡುವ ಗ್ಲೈಕೋಜನ್ ತನ್ನ ತೂಕದ ಸುಮಾರು ಮೂರು ಪಾಲು ನೀರನ್ನು ಜೊತೆಗಿಟ್ಟುಕೊಳ್ಳುತ್ತದೆ. ಎಂದಿನ ಊಟಕ್ಕೆ ಮರಳಿದರೆ ಕೆಲವೇ ದಿನಗಳಲ್ಲಿ ಅದು ಇಳಿಯುತ್ತದೆ. ಈ ನೀರಿಗೆ ಹೆದರಿ ಮರುದಿನ ಉಪವಾಸ ಬೀಳುವುದು ಅನಾವಶ್ಯಕ. ಹಸಿವು ಕೆರಳಿ ಮತ್ತೆ ಮಿತಿಮೀರಿ ತಿನ್ನುವುದಕ್ಕೆ ಅದೇ ದಾರಿಯಾಗಬಹುದು.

ಹಾಗಾದರೆ ಮನಬಂದಾಗಲೆಲ್ಲ ಪಥ್ಯ ಬಿಡಬಹುದೆ? ಅದೇ ಲೆಕ್ಕ ಬೇಡವೆನ್ನುತ್ತದೆ. ವಾರಕ್ಕೊಮ್ಮೆ 1000 ಹೆಚ್ಚಾದರೆ ವರ್ಷಕ್ಕೆ 52,000. ಕಾಗದದ ಮೇಲೆ ಅದು ಆರೂವರೆ ಕಿಲೋಗ್ರಾಂ ಮೀರುತ್ತದೆ. ದೇಹ ಸ್ವಲ್ಪವನ್ನು ಸರಿದೂಗಿಸಿಕೊಂಡೀತು, ಎಲ್ಲವನ್ನೂ ಅಲ್ಲ. ಒಂದು ದಿನದ ಮಳೆಗೆ ಏರಿದ ನೇತ್ರಾವತಿ ಬೇಗ ಇಳಿಯುತ್ತದೆ. ಬಿಡದೆ ಸುರಿದರೆ ಪೇಟೆಗೇ ನುಗ್ಗುತ್ತದೆ. 1974ರ ನೆರೆಯನ್ನು ಕಂಡ ಬಂಟ್ವಾಳದ ಹಿರಿಯರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಬಿಡುವಿನ ದಿನವನ್ನು ಯಾರು ಗೊತ್ತುಮಾಡಬೇಕು? ನಾಲಗೆಯಲ್ಲ, ಪಂಚಾಂಗ ಎಂಬುದು ನಮ್ಮ ಸೀಮೆಯ ಹಳೆಯ ಉತ್ತರ. ಆಟಿ ತಿಂಗಳಲ್ಲಿ ಗಂಜಿ, ಸೊಪ್ಪು, ಪತ್ರೊಡೆ. ಆಟಿ ಅಮಾವಾಸ್ಯೆಯ ಮುಂಜಾನೆ ಹಾಲೆಮರದ ತೊಗಟೆಯ ಕಹಿ ಕಷಾಯ, ಬಳಿಕ ಮೆಂತೆ ಗಂಜಿ. ಅನಂತರ ಸೋಣ ತಿಂಗಳಲ್ಲಿ ಅಷ್ಟಮಿ, ಚೌತಿಗಳ ಸವಿಯೂಟ. ಮೂಡಬಿದಿರೆಯ ಜೈನ ಮನೆಗಳಲ್ಲಿ ಅಷ್ಟಮಿ, ಚತುರ್ದಶಿಗಳ ಉಪವಾಸ ಉಂಟು. ಬೆಳ್ತಂಗಡಿ ತಾಲೂಕಿನ ಧರ್ಮಸ್ಥಳದ ಲಕ್ಷದೀಪೋತ್ಸವ ಕಾರ್ತಿಕದಲ್ಲಿ ಬರುತ್ತದೆ. ನಾವು ಬಯಸಿದ ಕೂಡಲೇ ಬಾರದು. ಹಿಂದಿನವರ ಆಟಿಯ ಮಿತಾಹಾರವೆಲ್ಲ ವಿವೇಕದ ಫಲವೆಂದು ನಾವು ಹೇಳೆವು. ಮಳೆಗಾಲದಲ್ಲಿ ಪತ್ತಾಯ ಬರಿದಾಗಿ ಹಸಿದವರು ಬಹಳ ಮಂದಿ. ಆ ಬಡತನ ಮರಳಬೇಕಾಗಿಲ್ಲ. ಆದರೆ ಹಬ್ಬ ಅಪರೂಪವಾಗಿರಬೇಕೆಂಬ ಕ್ರಮ ಉಳಿಯಬೇಕು.

ಇಂದು ಕೆಟ್ಟಿರುವುದು ಈ ಕ್ರಮವೇ. ಬಸ್ ನಿಲ್ದಾಣದ ಬೇಕರಿಯಲ್ಲಿ ದಿನವೂ ಹಬ್ಬ; ಸಿಹಿ ಪಾನೀಯವಿಲ್ಲದೆ ಸಂಜೆ ಕಳೆಯದು. ಭಾರತದಲ್ಲಿ ಸುಮಾರು 10 ಕೋಟಿ ಜನರಿಗೆ ಮಧುಮೇಹವಿದೆಯೆಂದು 2023ರಲ್ಲಿ ಪ್ರಕಟವಾದ ಸಮೀಕ್ಷೆಯೊಂದು ಅಂದಾಜು ಮಾಡಿದೆ. ಮಧುಮೇಹ, ಮೂತ್ರಪಿಂಡದ ರೋಗ, ಯಾವುದಾದರೂ ಆಹಾರ ಒಗ್ಗದ ತೊಂದರೆ ಉಳ್ಳವರು ವೈದ್ಯರ ಮಾತನ್ನು ಹಬ್ಬದ ದಿನವೂ ಮೀರಬಾರದು. ಅವರಿಗೆ ನಮ್ಮ ಲೆಕ್ಕ ಸಲ್ಲದು.

ಉಳಿದ ವಿದ್ಯಾರ್ಥಿ ಮಿತ್ರರಿಗೆ ನಾವು ಹೇಳುವುದಿಷ್ಟೆ: ಎಲೆಗೆ ಅಡ್ಡ ಹಿಡಿಯುವ ಕೈಯನ್ನು ನಾಳೆಯ ಬೇಕರಿಯ ಮುಂದೆ ಹಿಡಿಯಿರಿ. ಮನೆಯವರೆಲ್ಲ ಒಂದೇ ಪಂಕ್ತಿಯಲ್ಲಿ ಕುಳಿತ ದಿನ ಹೋಳಿಗೆಯನ್ನು ಸಂತೋಷದಿಂದ ಉಣ್ಣಿರಿ. ಮರುದಿನ ಗಂಜಿಯೂಟಕ್ಕೆ ಮರಳಿರಿ.